ಜೌಗಿನ ಬಿಳಿ ಆರಂ: ಬೆಳೆಸುವ ಕ್ರಮ, ಮುಟ್ಟುವ ಎಚ್ಚರ

ಕೇಳುಗರಿಗೆ ನಮಸ್ಕಾರ.

ಕಾಲಿಟ್ಟರೆ ಹೂತುಹೋಗುವಂಥ ಕೆಸರು. ಬೇರೆ ಗಿಡ ನೆಟ್ಟರೆ ವಾರದೊಳಗೆ ಬೇರು ಕೊಳೆಯುವ ಜಾಗ. ಅಂಥಲ್ಲಿ ಸೊಂಟದೆತ್ತರಕ್ಕೆ ಬೆಳೆದು, ಬಾಣದ ಮೊನೆಯಂಥ ಅಗಲ ಎಲೆಗಳ ನಡುವಿನಿಂದ ಬಿಳಿ ಶಂಖದಂಥ ಹೂವನ್ನು ಎತ್ತಿ ಹಿಡಿಯುವ ಗಿಡವೊಂದಿದೆ. ಆರಂ ಲಿಲಿ ಎಂದು ಅದರ ಹೆಸರು. ಹೂವಿನ ವ್ಯಾಪಾರದಲ್ಲಿ ಕ್ಯಾಲಾ ಲಿಲಿ ಅನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಜಾಂಟೆಡೆಸ್ಕಿಯಾ ಈಥಿಯೋಪಿಕಾ. ಇದು ಬಹುವಾರ್ಷಿಕ ಗಿಡ, ಜೌಗಿನ ಗಿಡ, ಮತ್ತು ಬೇರಿನಿಂದ ಹಣ್ಣಿನವರೆಗೆ ವಿಷದ ಗಿಡ. ಈ ಮೂರನ್ನೂ ಒಟ್ಟಿಗೆ ನೆನಪಿಟ್ಟುಕೊಂಡವರಿಗೆ ಇದನ್ನು ಸಾಕುವುದು ಕಷ್ಟವಲ್ಲ. ಒಂದನ್ನು ಮರೆತರೂ ಗಿಡ ಹೋಗುತ್ತದೆ, ಇಲ್ಲವೇ ಯಾರಿಗಾದರೂ ನೋವಾಗುತ್ತದೆ.

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸೋಣ, ಏಕೆಂದರೆ ಗಿಡ ಕೊಳ್ಳುವಾಗ ಇಲ್ಲೇ ಎಡವುವುದು. ಇದು ಲಿಲಿ ಅಲ್ಲ. ಸಸ್ಯಗಳಿಗೆ ಹೆಸರಿಟ್ಟ ವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಕ್ಯಾಲಾ ಎಂಬ ಕುಲಕ್ಕೆ ಸೇರಿಸಿದ್ದ. 1826ರಲ್ಲಿ ಸ್ಪ್ರೆಂಗೆಲ್ ಎಂಬ ಸಸ್ಯವಿಜ್ಞಾನಿ ಅದನ್ನು ಬೇರ್ಪಡಿಸಿ ಜಾಂಟೆಡೆಸ್ಕಿಯಾ ಎಂಬ ಹೊಸ ಕುಲ ಮಾಡಿದ. ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು. ನಿಜವಾದ ಕ್ಯಾಲಾ ಉತ್ತರದ ಚಳಿ ದೇಶಗಳ ಬೇರೊಂದು ಜೌಗುಗಿಡ. ಈಥಿಯೋಪಿಕಾ ಎಂದಿದ್ದರೂ ಇದರ ತವರು ಇಥಿಯೋಪಿಯಾ ಅಲ್ಲ, ದಕ್ಷಿಣ ಆಫ್ರಿಕಾ, ಲೆಸೊಥೊ, ಎಸ್ವಾಟಿನಿ ಕಡೆಯ ಹಳ್ಳಕೊಳ್ಳಗಳು. ಆಫ್ರಿಕಾದ ದಕ್ಷಿಣ ಭಾಗವನ್ನೆಲ್ಲ ಹಿಂದಿನವರು ಆ ಹೆಸರಿನಿಂದಲೇ ಕರೆಯುತ್ತಿದ್ದರು.

ಹಾಗಾದರೆ ಇದು ಯಾವ ಕುಟುಂಬದ್ದು? ಕೆಸುವಿನ ಕುಟುಂಬದ್ದು. ಕೆಸು, ಸುವರ್ಣಗಡ್ಡೆ ಇದರ ಬಂಧುಗಳು. ಕೆಸುವಿನ ತುರಿಕೆ ಗೊತ್ತಿರುವವರಿಗೆ ಇದರ ವಿಷವನ್ನು ಅರ್ಧ ವಿವರಿಸಿದಂತೆಯೇ ಆಯಿತು. ನಾವು ಹೂವೆಂದು ಕರೆಯುವ ಬಿಳಿ ಶಂಖ ಒಂದೇ ಒಂದು ಹಾಳೆ, ಮಾರ್ಪಟ್ಟ ಎಲೆ. ನಿಜವಾದ ಹೂಗಳು ನಡುವಿನ ಹಳದಿ ದಂಡಿನ ಮೇಲೆ ಸಾಸಿವೆಯಷ್ಟು ಸಣ್ಣಗೆ ಒತ್ತೊತ್ತಾಗಿ ಕೂತಿರುತ್ತವೆ: ಮೇಲ್ಭಾಗದಲ್ಲಿ ಗಂಡು, ಬುಡದಲ್ಲಿ ಸ್ವಲ್ಪವೇ ಹೆಣ್ಣು.

ಈಗ ವಿಷದ ಮಾತು. ಗಿಡದ ಎಲ್ಲ ಭಾಗಗಳ ಕೋಶಗಳಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿ ತುಂಬಿರುತ್ತವೆ. ಎಲೆಯನ್ನೋ ಗೆಡ್ಡೆಯನ್ನೋ ಜಗಿದ ಕ್ಷಣ ಕೋಶ ಒಡೆದು ಆ ಸೂಜಿಗಳು ತುಟಿ, ನಾಲಿಗೆ, ಗಂಟಲಿನ ಒಳಪದರಕ್ಕೆ ಚುಚ್ಚಿಕೊಳ್ಳುತ್ತವೆ. ಉರಿ, ಊತ, ಧಾರಾಕಾರ ಜೊಲ್ಲು, ನುಂಗಲಾರದ ನೋವು, ಕೆಲವೊಮ್ಮೆ ದನಿ ಕಟ್ಟುವುದು. ಉರಿ ತಕ್ಷಣವೇ ಶುರುವಾಗುವುದರಿಂದ ಯಾರೂ ಹೆಚ್ಚು ತಿನ್ನುವುದಿಲ್ಲ. ಪ್ರಾಣಾಪಾಯ ಅಪರೂಪವಾಗಿರುವುದು ಇದರಿಂದಲೇ. ಆದರೆ ಊತ ಗಂಟಲಿಗೆ ಇಳಿದು ಉಸಿರಿನ ದಾರಿಯನ್ನು ಒತ್ತಿದರೆ ಅದು ತುರ್ತು ಪರಿಸ್ಥಿತಿ. ಎಲೆ ಬಾಡಿದರೂ ಒಣಗಿದರೂ ಹರಳು ಕರಗಿಹೋಗುವುದಿಲ್ಲ. ಕತ್ತರಿಸಿ ಎಸೆದ ಒಣ ಎಲೆಯನ್ನು ನಾಯಿಮರಿ ಕಚ್ಚಿದರೂ ಅದೇ ಪಾಡು.

ಯಾರಾದರೂ ಬಾಯಿಗೆ ಹಾಕಿಕೊಂಡರೆ ಮಾಡಬೇಕಾದ್ದು ಇಷ್ಟು. ಬಾಯಲ್ಲಿ ಉಳಿದ ಚೂರನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ತಣ್ಣೀರಿನಿಂದ ಹಲವು ಸಲ ಮುಕ್ಕಳಿಸಲಿ. ನುಂಗಲು ಆಗುವುದಾದರೆ ತಣ್ಣನೆಯ ನೀರನ್ನೋ ಹಾಲನ್ನೋ ಗುಟುಕು ಗುಟುಕಾಗಿ ಕುಡಿಸಿ. ವಾಂತಿ ಮಾಡಿಸಬೇಡಿ, ಸೂಜಿಗಳು ಬಂದ ದಾರಿಯಲ್ಲೇ ಮತ್ತೊಮ್ಮೆ ಚುಚ್ಚುತ್ತವೆ. ನಾಲಿಗೆ ದಪ್ಪವಾಗುತ್ತಿದ್ದರೆ, ದನಿ ಬದಲಾದರೆ, ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ, ಗಿಡದ ಒಂದು ತುಂಡನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ರಸ ಕಣ್ಣಿಗೆ ಸಿಡಿದರೆ 15 ನಿಮಿಷ ಬಿಡದೆ ಹರಿಯುವ ನೀರಿನಲ್ಲಿ ತೊಳೆದು ಆಮೇಲೆ ವೈದ್ಯರನ್ನು ಕಾಣಿರಿ. ಚರ್ಮಕ್ಕೆ ತಾಗಿದರೆ ಸೋಪು ನೀರು ಸಾಕು.

ಬೆಕ್ಕು ಸಾಕಿದವರಿಗೆ ಒಂದು ವ್ಯತ್ಯಾಸ ಹೇಳಲೇಬೇಕು. ನಿಜವಾದ ಲಿಲಿಗಳು ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲಬಲ್ಲವು. ಆರಂ ಹಾಗಲ್ಲ, ಬಾಯಿ, ಹೊಟ್ಟೆ ಉರಿಸುತ್ತದೆ. ಪಶುವೈದ್ಯರಿಗೆ ಫೋನು ಮಾಡಿ ಬರೀ ‘ಲಿಲಿ ತಿಂದಿದೆ’ ಎನ್ನಬೇಡಿ, ಯಾವ ಲಿಲಿ ಎಂದು ಹೇಳಿ. ಎರಡರ ಚಿಕಿತ್ಸೆ ಬೇರೆ ಬೇರೆ.

ಇನ್ನು ಗಿಡವನ್ನು ಎಲ್ಲಿ ಇಡಬೇಕು ಎನ್ನುವುದು. ತೆವಳುವ ಮಗು ಇರುವ ಮನೆಯಲ್ಲಿ ಕೈಗೆಟಕುವ ಕುಂಡದಲ್ಲಿ ಇದು ಬೇಡವೇ ಬೇಡ. ಕೊಳದಲ್ಲಾದರೆ ದಡದಿಂದ ಒಂದು ತೋಳಿನಳತೆ ಒಳಗೆ ಇಡಿ, ಮುಂದೆ ನಿರಪಾಯದ ಗಿಡಗಳ ಒಂದು ಸಾಲು ಬರಲಿ. ಸವರುವಾಗ, ಗೆಡ್ಡೆ ಬಿಡಿಸುವಾಗ ರಬ್ಬರ್ ಕೈಗವಸು ಹಾಕಿ. ತೆಳು ಬಟ್ಟೆಯ ಕೈಗವಸು ರಸ ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ, ಅದಕ್ಕಿಂತ ಬರಿಗೈಯೇ ವಾಸಿ.

ಈಗ ನೀರಿನ ವಿಷಯಕ್ಕೆ ಬರೋಣ. ಈ ಗಿಡ ನೀರಲ್ಲಿ ಹೇಗೆ ಬದುಕುತ್ತದೆ? ಒಂದು ಎಲೆದಂಟನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ಸ್ಪಂಜಿನಂತೆ ತೂತುತೂತಾಗಿ ಕಾಣುತ್ತದೆ. ಆ ತೂತುಗಳು ಗಾಳಿಯ ಕೊಳವೆಗಳು. ಎಲೆಯಿಂದ ಗಾಳಿ ಅವುಗಳ ಮೂಲಕ ಇಳಿದು ಕೆಸರಿನೊಳಗಿನ ಗೆಡ್ಡೆಯನ್ನು, ಬೇರನ್ನು ಮುಟ್ಟುತ್ತದೆ. ಎಂದರೆ ಎಲೆ ಇರುವ ಗಿಡ ನೀರಲ್ಲಿ ಉಸಿರಾಡಬಲ್ಲದು, ಎಲೆ ಇಲ್ಲದ ಗೆಡ್ಡೆ ಉಸಿರಾಡಲಾರದು. ನೆಡುವ ಕ್ರಮವೆಲ್ಲ ಇದರ ಮೇಲೆ ನಿಂತಿದೆ. ನಿದ್ದೆಯಲ್ಲಿರುವ ಗೆಡ್ಡೆಯನ್ನು ತಂದು ನೇರವಾಗಿ ಒಂದಡಿ ನೀರಿನೊಳಗೆ ಇಳಿಸಿದರೆ ಕೊಳೆಯುತ್ತದೆ. ‘ಜೌಗಿನ ಗಿಡ ಅಂದರು, ನೀರಲ್ಲೇ ಸತ್ತಿತು’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಹೀಗೆ.

ದೂರಿಗೆ ಇನ್ನೊಂದು ಕಾರಣ ಬಣ್ಣದ ಆರಂ. ಹಳದಿ, ಗುಲಾಬಿ, ಕಡುನೇರಳೆ ಹೂವಿನ ಮಿಶ್ರತಳಿಗಳು ರೆಹ್ಮಾನಿಯೈ, ಎಲಿಯೋಟಿಯಾನಾ ಮುಂತಾದ ಬೇರೆ ಜಾತಿಗಳಿಂದ ಬಂದವು. ಅವು ಜೌಗಿನವಲ್ಲ. ಬೆಳೆಯುವ ಕಾಲದಲ್ಲಿ ತೇವ, ಎಲೆ ಒಣಗಿದ ಮೇಲೆ ಪೂರ್ತಿ ಒಣ ವಿಶ್ರಾಂತಿ ಅವುಗಳ ಬೇಡಿಕೆ. ಕೊಳಕ್ಕೆ ಇಳಿಸಿದರೆ ಉಳಿಯುವುದಿಲ್ಲ. ಗೆಡ್ಡೆ ನೋಡಿಯೇ ಗುರುತಿಸಬಹುದು: ಬಣ್ಣದ್ದರ ಗೆಡ್ಡೆ ಚಪ್ಪಟೆ ಬಿಲ್ಲೆಯಂತಿರುತ್ತದೆ, ಬಿಳಿಯದು ಶುಂಠಿಯ ಬೆರಳಿನಂತೆ ಉದ್ದಕ್ಕೆ ದಪ್ಪಗೆ ಬೆಳೆಯುತ್ತದೆ. ಬಣ್ಣದ ಹಲವು ತಳಿಗಳ ಎಲೆಯ ಮೇಲೆ ಬಿಳಿ ಚುಕ್ಕೆಗಳಿರುತ್ತವೆ. ನೀರಿಗೆ ಬಿಳಿಯ ಜಾತಿಯೊಂದೇ. ಅದರಲ್ಲೂ ಕ್ರೌಬರೋ ಎಂಬ ತಳಿ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಗ್ರೀನ್ ಗಾಡೆಸ್ ಎಂಬುದರ ಹಾಳೆಯ ತುದಿ ಎಲೆಯಂತೆ ಹಸಿರು.

ಕೊಳದಲ್ಲಿ ಬೆಳೆಸುವ ಕ್ರಮ ಹೇಳುತ್ತೇನೆ, ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ. 25ರಿಂದ 30 ಸೆಂಟಿಮೀಟರ್ ಅಗಲದ, ಬದಿಯಲ್ಲಿ ತೂತುಗಳಿರುವ ಬುಟ್ಟಿ ಬೇಕು. ಒಳಗೆ ಗೋಣಿಬಟ್ಟೆ ಹಾಸಿ. ತುಂಬಬೇಕಾದ್ದು ಭಾರವಾದ ಗೋಡುಮಣ್ಣು, ಜೇಡಿ ಬೆರೆತದ್ದು. ಕುಂಡಗಳಿಗೆ ಹಾಕುವ ಹಗುರ ಮಿಶ್ರಣ ಇಲ್ಲಿ ಸಲ್ಲದು, ತೇಲಿ ಹೋಗುತ್ತದೆ. ಹಸಿ ಗೊಬ್ಬರವಂತೂ ಬೇಡ. ನೀರಿನಡಿ ಗಾಳಿಯಿಲ್ಲದೆ ಅದು ಕೊಳೆತು ಕೆಟ್ಟ ಅನಿಲ ಹುಟ್ಟಿಸುತ್ತದೆ, ಎಳೆಬೇರು ಕಪ್ಪಾಗುತ್ತದೆ, ಕೊಳದ ನೀರು ಪಾಚಿಗಟ್ಟುತ್ತದೆ. ಗೆಡ್ಡೆಯ ಕಣ್ಣು ಮೇಲ್ಮುಖವಾಗಿರಲಿ, 8ರಿಂದ 10 ಸೆಂಟಿಮೀಟರ್ ಆಳದಲ್ಲಿ ನೆಡಿ. ಮೇಲೆ 2 ಸೆಂಟಿಮೀಟರ್ ದಪ್ಪ ಸಣ್ಣ ಜಲ್ಲಿ ಹರಡಿ. ಮಣ್ಣು ಕದಡುವುದಿಲ್ಲ, ಮೀನು ಕೆದಕುವುದಿಲ್ಲ.

ಈ ಬುಟ್ಟಿಯನ್ನು ಮೊದಲು ಕೊಳಕ್ಕೆ ಇಳಿಸಬೇಡಿ. ನೆರಳು ಬೆರೆತ ಜಾಗದಲ್ಲಿ ಮಣ್ಣು ತೇವವಾಗಿ, ಆದರೆ ನೀರು ನಿಲ್ಲದಂತೆ ಇಟ್ಟು ಎಲೆ ಬರಲು ಬಿಡಿ. ಮೂರು ನಾಲ್ಕು ಎಲೆ ಬಿಚ್ಚಿದ ಮೇಲೆ ಕೊಳದ ಅಂಚಿನಲ್ಲಿ, ಬುಟ್ಟಿಯ ಬಾಯಿ ನೀರಿನ ಮಟ್ಟಕ್ಕೆ ಸಮವಾಗುವಂತೆ ಇಡಿ. ಎರಡು ವಾರ ಕಳೆದ ಮೇಲೆ ಮಣ್ಣಿನ ಮೇಲೆ 5 ಸೆಂಟಿಮೀಟರ್ ನೀರು ಬರಲಿ. ಬೇರು ಬುಟ್ಟಿಯ ತೂತುಗಳಿಂದ ಹೊರಗೆ ಇಣುಕತೊಡಗಿದಾಗ 15 ಸೆಂಟಿಮೀಟರ್‌ಗೆ ಇಳಿಸಬಹುದು. ಚೆನ್ನಾಗಿ ನೆಲೆಗೊಂಡ ಗಿಡ 30 ಸೆಂಟಿಮೀಟರ್ ನೀರನ್ನೂ ಸಹಿಸುತ್ತದೆ. ಚಳಿಗಾಲದಲ್ಲಿ ಕೊಳದ ಮೇಲ್ಮೈ ಹೆಪ್ಪುಗಟ್ಟುವ ಊರುಗಳಲ್ಲಿ ಈ ಆಳವೇ ರಕ್ಷೆ, ಮಂಜುಗಡ್ಡೆ ಗೆಡ್ಡೆಯವರೆಗೆ ಇಳಿಯದಂತೆ ನೋಡಿಕೊಂಡರೆ ಸಾಕು. ಲಘು ಹಿಮಕ್ಕೆ ಎಲೆಗಳು ಸುಟ್ಟಂತಾಗಿ ಬಿದ್ದರೂ ಗೆಡ್ಡೆ ಮತ್ತೆ ಚಿಗುರುತ್ತದೆ.

ಕೊಳವಿಲ್ಲದವರು ಜೌಗುಮಡಿ ಮಾಡಬಹುದು. 45 ಸೆಂಟಿಮೀಟರ್ ಆಳ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಹಾಳೆಗೆ ಮೀಟರಿಗೊಂದರಂತೆ ಬೆರಳು ತೂರುವಷ್ಟು ತೂತು ಮಾಡಿ. ತೂತೇ ಇಲ್ಲದಿದ್ದರೆ ನೀರು ನಿಂತು ನಾರುತ್ತದೆ. ಹೆಚ್ಚಾದರೆ ಮಡಿ ಒಣಗುತ್ತದೆ. ಮೂರು ಪಾಲು ಗೋಡುಮಣ್ಣು, ಎರಡು ಪಾಲು ಪೂರ್ತಿ ಕಳಿತ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ 45ರಿಂದ 60 ಸೆಂಟಿಮೀಟರ್ ಅಂತರ ಕೊಡಿ. ಈಗ ಖಾಲಿ ಖಾಲಿ ಕಾಣುತ್ತದೆ ಎಂದು ಒತ್ತಾಗಿ ನೆಡಬೇಡಿ, ಎರಡನೇ ವರ್ಷಕ್ಕೆ ಜಾಗ ತುಂಬಿರುತ್ತದೆ. ಕುಂಡವಾದರೆ ಅಡಿಗೆ ತಟ್ಟೆಯಿಟ್ಟು 2–3 ಸೆಂಟಿಮೀಟರ್ ನೀರು ನಿಲ್ಲಿಸಿ. ಆ ನೀರನ್ನು ಬಿಸಿಲುಕಾಲದಲ್ಲಿ ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ಹಾಕಬೇಕು. ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಬ್ಯಾಕ್ಟೀರಿಯಾ ಹೆಚ್ಚು.

ತಂಪು ಈ ಗಿಡದ ಪ್ರಾಣ. ಹಗಲು 18ರಿಂದ 24 ಡಿಗ್ರಿ, ರಾತ್ರಿ ಅದಕ್ಕಿಂತ ಚೆನ್ನಾಗಿ ಇಳಿಯುವ ವಾತಾವರಣದಲ್ಲಿ ಹೂವಿನ ಮೇಲೆ ಹೂ ಬರುತ್ತದೆ. ತಂಪು ಪ್ರದೇಶದಲ್ಲಿ ಇಡೀ ದಿನದ ಬಿಸಿಲು ಒಳ್ಳೆಯದು. ಸೆಕೆಯ ಪ್ರದೇಶದಲ್ಲಿ ಬೆಳಗಿನ ನಾಲ್ಕೈದು ತಾಸು ಬಿಸಿಲು, ಮಧ್ಯಾಹ್ನದ ಮೇಲೆ ನೆರಳು. ತವರಿನ ಪಶ್ಚಿಮ ತುದಿಯಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಗಿಡ ಎಲೆ ಕಳಚಿ ನೆಲದೊಳಗೆ ಮಲಗುತ್ತದೆ; ನೀರು ಹರಿಯುತ್ತಿದ್ದರೆ ವರ್ಷವಿಡೀ ಹಸಿರಾಗಿಯೇ ಇರುತ್ತದೆ. ನಿಮ್ಮಲ್ಲೂ ಹಾಗೆಯೇ. ಬೇಸಿಗೆಯಲ್ಲಿ ಕುಂಡದ ಗಿಡ ಹಳದಿಯಾಗಿ ಮಲಗಲು ಹೊರಟರೆ ನೀರು ಸುರಿದು ಎಬ್ಬಿಸಲು ಹೋಗಬೇಡಿ. ತಟ್ಟೆ ತೆಗೆದು, ಮಣ್ಣು ಬರೀ ಹಸಿಯಾಗಿರುವಂತೆ ನೋಡಿಕೊಂಡು ಒಂದೂವರೆ ಎರಡು ತಿಂಗಳು ಬಿಟ್ಟುಬಿಡಿ. ಎಲೆಯಿಲ್ಲದ ಗೆಡ್ಡೆ ಉಸಿರಾಡಲಾರದು ಎಂದೆನಲ್ಲ, ಇಲ್ಲಿಯೂ ಅದೇ ಮಾತು.

ಬೆಳಗಿನ ಹೊತ್ತು ಎಲೆಯ ತುದಿಯಿಂದ ಹನಿ ಹನಿ ನೀರು ತೊಟ್ಟಿಕ್ಕುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ರೋಗವಲ್ಲ. ಬೇರು ಹೀರಿದ ಹೆಚ್ಚುವರಿ ನೀರನ್ನು ಎಲೆಯ ತುದಿಯ ರಂಧ್ರಗಳಿಂದ ಹೊರಹಾಕುವ ಗಿಡದ ಸಹಜ ಉಪಾಯ. ನೀರಿನಲ್ಲಿ ಕರಗಿದ ಸಾರವನ್ನು ಇದು ಎಷ್ಟು ಚೆನ್ನಾಗಿ ಹೀರುತ್ತದೆಂದರೆ, ಮೆಕ್ಸಿಕೋದಲ್ಲಿ ಕೊಳಚೆನೀರು ಶುದ್ಧೀಕರಿಸಲು ಕಟ್ಟುವ ಕೃತಕ ಜೌಗುಗಳಲ್ಲಿ ಇದನ್ನೂ ನೆಡುತ್ತಾರೆ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಮಡಿಗೆ ವರ್ಷಕ್ಕೊಮ್ಮೆ, ಚಿಗುರುವ ಮೊದಲು, 5 ಸೆಂಟಿಮೀಟರ್ ಕಾಂಪೋಸ್ಟ್ ಹೊದಿಕೆ ಸಾಕು. ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ ಸಮತೂಕದ ಕರಗುವ ಗೊಬ್ಬರ, ಲೀಟರಿಗೆ 1 ಗ್ರಾಮಿನಂತೆ. ಮೊಗ್ಗು ಕಂಡ ಮೇಲೆ ಪೊಟ್ಯಾಷ್ ಹೆಚ್ಚಿರುವುದು. ಕೊಳದ ಬುಟ್ಟಿಗೆ ಜಲಸಸ್ಯಗಳ ನಿಧಾನ ಕರಗುವ ಗುಳಿಗೆಯನ್ನು ಬೆರಳಿನಿಂದ ಮಣ್ಣಿನೊಳಗೆ ಆಳಕ್ಕೆ ಒತ್ತಿ ಮುಚ್ಚಿ. ಮೇಲೆಯೇ ಬಿಟ್ಟರೆ ಗೊಬ್ಬರ ತಿನ್ನುವುದು ಪಾಚಿ.

ಎಲೆ ಸೊಂಪಾಗಿದೆ, ಹೂ ಮಾತ್ರ ಇಲ್ಲ ಎಂಬವರು ಮೊದಲು ಹೆಚ್ಚಾದ ಸಾರಜನಕವನ್ನು ಅನುಮಾನಿಸಬೇಕು, ಆಮೇಲೆ ನೆರಳನ್ನು. ದಂಟುಗಳು ಉದ್ದಕ್ಕೆ ಬೆಳೆದು ತಾವೇ ನಿಲ್ಲಲಾರದೆ ಬಾಗುತ್ತಿದ್ದರೆ ಬೆಳಕು ಸಾಲದು ಎಂದೇ ಅರ್ಥ. ಎರಡೂ ಸರಿಯಿದ್ದು ಗಿಡ ನಾಲ್ಕು ವರ್ಷದಿಂದ ಒಂದೇ ಬುಟ್ಟಿಯಲ್ಲಿದ್ದರೆ ಗೆಡ್ಡೆಗಳು ಒಂದನ್ನೊಂದು ಅಮುಕುತ್ತಿವೆ, ಬಿಡಿಸಬೇಕು. ಕಳೆದ ಋತುವಿನಲ್ಲಷ್ಟೇ ಬಿಡಿಸಿದ್ದರೆ ಒಂದು ವರ್ಷ ತಾಳಿ. ಬಿಳಿ ಹಾಳೆ ದಿನ ಕಳೆದಂತೆ ಹಸಿರಾಗುವುದು ದೋಷವಲ್ಲ; ಪರಾಗಸ್ಪರ್ಶವಾದ ಮೇಲೆ ಹಾಳೆ ಹಸಿರು ತಿರುಗಿ ಒಳಗೆ ಬಲಿಯುವ ಕಾಯಿಯನ್ನು ಮುಚ್ಚಿಕೊಳ್ಳುತ್ತದೆ.

ರೋಗಗಳಲ್ಲಿ ಭಯಪಡಬೇಕಾದ್ದು ಮೆತುಕೊಳೆ. ಪೆಕ್ಟೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು ಇದರ ಮೂಲ. ಅಡಿಯ ಒಂದು ಎಲೆ ಹಳದಿಯಾದರೆ ವಯಸ್ಸು. ಒಮ್ಮೆಲೇ ಮೂರು ನಾಲ್ಕು ಎಲೆ ಹಳದಿಯಾಗಿ, ಮೆಲ್ಲಗೆ ಎಳೆದರೆ ದಂಟು ಬುಡದಿಂದ ಜಾರಿ ಕೈಗೆ ಬಂದು, ಲೋಳೆಯೂ ದುರ್ನಾತವೂ ಇದ್ದರೆ ಅದೇ ಇದು. ಗಾಯದ ಮೂಲಕ ಒಳನುಗ್ಗಿ ಬಿಸಿಯಲ್ಲಿ ಹಬ್ಬುತ್ತದೆ. ಬಿಳಿ ಜಾತಿ ಬಣ್ಣದವುಗಳಿಗಿಂತ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೂ ಕಾದ ನಿಂತ ನೀರು, ಹಸಿ ಗೊಬ್ಬರ, ಗೆಡ್ಡೆಗೆ ಪೆಟ್ಟು ಸೇರಿದರೆ ತಪ್ಪಿಸಿಕೊಳ್ಳಲಾರದು. ಸಿಂಪಡಿಸಿ ಗುಣಪಡಿಸುವ ಔಷಧಿ ನಂಬಬೇಡಿ. ಗೆಡ್ಡೆ ಕಿತ್ತು ತೊಳೆದು, ಗಟ್ಟಿಯಾದ ಬಿಳಿ ಭಾಗ ಸಿಗುವವರೆಗೆ ಕೊಳೆತದ್ದನ್ನು ಕತ್ತರಿಸಿ ತೆಗೆಯಿರಿ. ಪ್ರತಿ ಕಡಿತಕ್ಕೂ ಚಾಕುವನ್ನು 70 ಶೇಕಡಾ ಆಲ್ಕೊಹಾಲಿನಲ್ಲಿ ಒರೆಸಬೇಕು. ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಹೊಸ ಮಣ್ಣಿನಲ್ಲಿ ನೆಡಿ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಎಲೆಯಲ್ಲಿ ನರಗಳ ಉದ್ದಕ್ಕೂ ತಿಳಿಹಸಿರು, ಕಡುಹಸಿರು ಗರಿಗರಿಯಾದ ಪಟ್ಟೆ ಕಂಡರೆ ಅದು ದಶೀನ್ ಮೊಸಾಯಿಕ್ ಎಂಬ ವೈರಸ್ ರೋಗ ಇರಬಹುದು. ಕೆಸುವಿಗೂ ಇದೇ ತಗಲುತ್ತದೆ, ಗಿಡಹೇನು ಹರಡುತ್ತದೆ, ಮದ್ದಿಲ್ಲ. ಗಿಡವನ್ನು ತೆಗೆದುಹಾಕುವುದೊಂದೇ ದಾರಿ. ಗಿಡಹೇನು ಸುರುಳಿ ಹಾಳೆಯೊಳಗೆ ಅಡಗಿರುತ್ತದೆ, ನೀರಿನ ಚಿಮ್ಮುವಿಕೆಯಿಂದ ತೊಳೆದು ಬೀಳಿಸಿ. ಮೀನಿರುವ ಕೊಳದ ಮೇಲೆ ಕೀಟನಾಶಕ ಹೊಡೆಯಲೇಬಾರದು.

ಗೆಡ್ಡೆ ಬಿಡಿಸಲು ಸರಿಯಾದ ಹೊತ್ತು ಹೂವಿನ ಸುಗ್ಗಿ ಮುಗಿದ ಮೇಲೆ, ಹೊಸ ಚಿಗುರು ಏಳುವ ಮುನ್ನ. ಪ್ರತಿ ತುಂಡಿಗೂ ಒಂದೆರಡು ಕಣ್ಣು, ಒಂದಿಷ್ಟು ಬೇರು ಇರಲಿ. ಕತ್ತರಿಸಿದ ಮುಖಕ್ಕೆ ಇದ್ದಿಲಪುಡಿ ಹಚ್ಚಿ ಒಂದು ದಿನ ಒಣಗಲು ಬಿಟ್ಟು ನೆಡಿ.

ಹೂವನ್ನು ಕತ್ತರಿಸಬೇಡಿ, ಕೀಳಿರಿ. ಹಾಳೆ ಪೂರ್ತಿ ಬಿಚ್ಚಿ ದಂಡಿನ ಮೇಲೆ ಪರಾಗದ ಪುಡಿ ಇನ್ನೂ ಉದುರದ ಹಂತದಲ್ಲಿ ದಂಟನ್ನು ಬುಡದಲ್ಲಿ ಹಿಡಿದು ತುಸು ತಿರುಚಿ ಮೇಲಕ್ಕೆಳೆದರೆ ಗಿಡದಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಕತ್ತರಿಸಿದರೆ ಉಳಿಯುವ ಮೋಟು ಕೊಳೆತು ಗೆಡ್ಡೆಗೆ ದಾರಿ ಮಾಡಿಕೊಡುತ್ತದೆ. ಹೂದಾನಿಯಲ್ಲಿ ದಂಟಿನ ತುದಿ ಸೀಳಿ ಸುರುಳಿಯಾಗದಂತೆ ಅಂಟುಪಟ್ಟಿ ಒಂದು ಸುತ್ತು ಹಾಕಿ. 5ರಿಂದ 8 ಸೆಂಟಿಮೀಟರ್ ನೀರು ಸಾಕು, ದಿನ ಬಿಟ್ಟು ದಿನ ಬದಲಿಸಿ.

ಕೀಳದೆ ಬಿಟ್ಟ ಹೂಗಳು ಕಾಯಾಗುತ್ತವೆ. ಹಣ್ಣು ಹಳದಿಯಿಂದ ಕಿತ್ತಳೆಗೆ ತಿರುಗಿ ಮೆತ್ತಗಾಗುತ್ತದೆ, ಮಕ್ಕಳ ಕಣ್ಣಿಗೂ ಹಕ್ಕಿಗಳ ಕಣ್ಣಿಗೂ ಬೀಳುತ್ತದೆ. ಹಕ್ಕಿ ತಿಂದು ಬೀಜವನ್ನು ದೂರದ ಹಳ್ಳಕ್ಕೆ ಒಯ್ಯುತ್ತದೆ. ತೋಟದ ಗಿಡವಾಗಿ ಹೋದ ಇದು ಪಶ್ಚಿಮ ಆಸ್ಟ್ರೇಲಿಯಾದಲ್ಲೂ ನ್ಯೂಜಿಲೆಂಡಿನಲ್ಲೂ ತೊರೆಗಳ ದಡ ತುಂಬಿ, ಅಲ್ಲಿನ ಸ್ಥಳೀಯ ಸಸ್ಯಗಳನ್ನು ಒತ್ತರಿಸುವ ಕಳೆಯಾಗಿದೆ. ಆದ್ದರಿಂದ ಹಾಳೆ ಹಸಿರಾಗತೊಡಗಿದ ಕೂಡಲೇ ದಂಟನ್ನು ಕಿತ್ತುಬಿಡಿ. ಹರಿಯುವ ತೊರೆಗೆ, ಕೆರೆಗೆ ಸಂಪರ್ಕವಿರುವ ನೀರಿನಲ್ಲಿ ನೆಡಬೇಡಿ. ತೆಗೆದ ಗೆಡ್ಡೆಯ ಚೂರುಗಳನ್ನು ಕಪ್ಪು ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟು, ಪೂರ್ತಿ ಸತ್ತ ಮೇಲೆ ಕಸಕ್ಕೆ ಹಾಕಿ. ಹಳ್ಳದ ಪಕ್ಕಕ್ಕೆ ಎಸೆದ ಒಂದು ಕಣ್ಣು ಸಾಕು ಮತ್ತೆ ಹುಟ್ಟಲು.

ಬೀಜದಿಂದಲೇ ಬೆಳೆಸಬೇಕೆನ್ನುವವರು ಒಂದೇ ಒಂದು ಹೂವನ್ನು ಬಲೆ ಕಟ್ಟಿ ಉಳಿಸಿಕೊಳ್ಳಿ. ಹಣ್ಣು ಮೆತ್ತಗಾದಾಗ ಕೈಗವಸು ಹಾಕಿ ಹಿಸುಕಿ, ತಿರುಳನ್ನು ಪೂರ್ತಿ ತೊಳೆದು, ತೇವದ ಮಣ್ಣಿನಲ್ಲಿ 1 ಸೆಂಟಿಮೀಟರ್‌ಗಿಂತ ಆಳ ಹೋಗದಂತೆ ಬಿತ್ತಿ. 20 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ವಾರಗಳಲ್ಲಿ ಮೊಳೆಯುತ್ತದೆ. ಸಸಿಗೆ ನಾಲ್ಕು ಎಲೆ ಬರುವವರೆಗೆ ತಟ್ಟೆಯ ನೀರು ಬೇಡ. ಹೂ ಕಾಣಲು 2ರಿಂದ 3 ವರ್ಷ ಹಿಡಿಯುತ್ತದೆ.

ನಮಸ್ಕಾರ.